ನರ್ಸಮ್ಮನ ಕೈಗುಣ

ಯಾವ ಕೋಳಿ ನಾಳೆ ಮೊಟ್ಟೆ ಇಡುತ್ತದೆ, ಯಾವುದು ಇಡುವುದಿಲ್ಲ ಎಂಬುದನ್ನು ನಮ್ಮ ಪಕ್ಕದ ಮನೆಯ ನರ್ಸಮ್ಮ ಹಿಂದಿನ ಸಂಜೆಯೇ ಹೇಳಿಬಿಡುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಕೋಳಿಗಳನ್ನು ಗೂಡಿಗೆ ಸೇರಿಸುವಾಗ ಒಂದೊಂದನ್ನೇ ಎತ್ತಿ ಕಂಕುಳಲ್ಲಿ ಅವುಚಿಕೊಂಡು, ಬಾಲದ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಹಿತ್ತಲ ಗೋಡೆಯ ಈಚೆ ಸೊಪ್ಪಿನ ಮಡಿಗೆ ನೀರು ಹಾಯಿಸುತ್ತಿದ್ದ ನನಗೆ ವರದಿ ಬರುತ್ತಿತ್ತು.

"ಇವ್ಳು ಬೆಳಗಾನೆ ಇಡ್ತಾಳೆ. ಇವ್ಳು ನಾಳಿದ್ದು. ಈ ಕರಿಯವ್ಳು ಬರೀ ನಾಟ್ಕ ಕಣ್ ಮೇಷ್ಟ್ರೇ, ಎರಡ್ ದಿನದಿಂದ ಬೀದಿಗೆಲ್ಲಾ ಕೇಳಂಗೆ ಕೂಗ್ತಾವ್ಳೆ, ಒಳಗೆ ಏನೂ ಇಲ್ಲ."

ಮೂವತ್ತು ವರ್ಷ ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ಬೆರಳುಗಳು ಅವು. ನಿವೃತ್ತಿಯಾದ ಮೇಲೆ ಮದ್ದೂರಿನ ನಮ್ಮ ಬೀದಿಯಲ್ಲಿ ಸಣ್ಣದೊಂದು ಮನೆ ಮಾಡಿಕೊಂಡು ಬಂದರು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಹೆರಿಗೆ ವಾರ್ಡಲ್ಲಿ ದಿನಾ ಗಂಡಂದಿರಿಗೆ ಬೀಳೋ ಬೈಗುಳ ಕೇಳೋಳು ಗಂಡನ್ನ ಕಟ್ಕತಾಳಾ?" ಎನ್ನುತ್ತಿದ್ದರು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಬೀದಿಗೆಲ್ಲ ನರ್ಸಮ್ಮ. ನಾನೂ ಹಾಗೆಯೇ ಕರೆದೆ. ಈಗಲೂ ಹೆಸರು ಹಾಕಿ ಬರೆಯಲು ನನಗೆ ಮುಖವಿಲ್ಲ, ಯಾಕೆಂದು ಆಮೇಲೆ ನಿಮಗೇ ತಿಳಿಯುತ್ತದೆ.

ಯಾರನ್ನು ಕಂಡರೂ ಅವರ ಮೊದಲ ಮಾತು "ಕೈ ತೊಳ್ಕೊಂಡ್ರಾ?" ಎಂದು. ಕಾಫಿ ಕೊಡುವ ಮುಂಚೆ, ಮಗುವನ್ನು ಎತ್ತಿಕೊಳ್ಳಲು ಬಿಡುವ ಮುಂಚೆ, ಮೊಟ್ಟೆ ಕೈಗಿಡುವ ಮುಂಚೆ. ನಮ್ಮ ಮನೆಗೆ ಬೀಗರು ಬಂದಿದ್ದಾಗ, ಜರಿ ಪಂಚೆ ಉಟ್ಟು ಎಲೆಯ ಮುಂದೆ ಕೂತಿದ್ದ ನನ್ನ ಮಗಳ ಮಾವನವರನ್ನೂ ಹಾಗೆಯೇ ಕೇಳಿ ಎಬ್ಬಿಸಿಬಿಟ್ಟರು. ಆ ಮನುಷ್ಯ ಎರಡು ಎಕರೆ ತೆಂಗಿನ ತೋಟದ ಗತ್ತನ್ನೆಲ್ಲ ಬದಿಗಿಟ್ಟು ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದದ್ದು ನಮ್ಮ ಮನೆಯಲ್ಲಿ ಇಂದಿಗೂ ನಗೆಯ ಮಾತು.

ಸೂಜಿ ಚುಚ್ಚುವುದರಲ್ಲಿ ಅವರದೇ ಒಂದು ವರಸೆ ಇತ್ತು. ಮಗು ಅಳುವ ತಯಾರಿಯಲ್ಲಿರುವಾಗ, "ಲೇ, ನಿಮ್ಮವ್ವ ಇವತ್ತು ಏನ್ ಸಾರು ಮಾಡವ್ಳೆ?" ಎಂದು ಕೇಳುತ್ತಿದ್ದರು. ಮಗು ಯೋಚಿಸಿ "ಬಸ್ಸಾರು" ಎನ್ನುವಷ್ಟರಲ್ಲಿ ಹತ್ತಿ ಒತ್ತಿ ಆಗಿರುತ್ತಿತ್ತು. ಡಾಕ್ಟರು ಬರೆದುಕೊಟ್ಟ ಚೀಟಿ, ಔಷಧಿ ಹಿಡಿದು ಬೀದಿಯ ಜನ ಅವರ ಜಗಲಿಗೇ ಬರುತ್ತಿದ್ದರು. ಅವರ ಕೈಯಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ ನೋಯುವುದಿಲ್ಲ, ಜ್ವರ ಬೇಗ ಇಳಿಯುತ್ತದೆ, ಅವರ ಕೈಗುಣವೇ ಅಂಥದ್ದು ಎಂದು ಎಲ್ಲರ ನಂಬಿಕೆ. ನಾನು ಸೋಮನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕೈಗುಣ ಎನ್ನುವುದನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿ ಬೋರ್ಡಿನ ಮೇಲೆ ಬರೆದವನು. ಆದರೆ ಮಗಳು ಚಿಕ್ಕವಳಿದ್ದಾಗ ಜ್ವರ ಬಂದರೆ ಅದೇ ಬೋರ್ಡಿನ ಸೀಮೆಸುಣ್ಣ ಮೆತ್ತಿದ ಕೈಯಲ್ಲಿ ಅವಳನ್ನು ಹೊತ್ತುಕೊಂಡು ಅವರ ಜಗಲಿಗೇ ಓಡುತ್ತಿದ್ದೆ.

ಕೋಳಿಗಳಿಗೂ ಅದೇ ಕೈ. ಪ್ರತಿ ವರ್ಷ ದೀಪಾವಳಿ ಕಳೆದು ಚಳಿ ಕಚ್ಚತೊಡಗಿದ ಮೇಲೆ ಒಂದು ಶನಿವಾರ ಅವರು ಮಂಡ್ಯಕ್ಕೆ ಹೋಗಿ, ಪರಿಚಯದವರೊಬ್ಬರಿಂದ ಕೊಕ್ಕರೆ ರೋಗದ ಲಸಿಕೆ ತರುತ್ತಿದ್ದರು. ಕೋಳಿಗಳ ಪಾಲಿಗೆ ಕೊಕ್ಕರೆ ರೋಗವೆಂದರೆ ಮಾರಿ. ಬಂದರೆ ಬೀದಿಗೆ ಬೀದಿಯೇ ಗುಡಿಸಿ ಹೋಗುತ್ತದೆ. ಲಸಿಕೆಯ ಸೀಸೆಗೆ ಬಿಸಿ ತಾಗಬಾರದು, ಅದಕ್ಕಾಗಿ ಕಾಫಿ ಫ್ಲಾಸ್ಕಿಗೆ ಐಸು ತುಂಬಿ ಅದರೊಳಗಿಟ್ಟು ತರುತ್ತಿದ್ದರು. ಬಸ್ಸಿನಲ್ಲಿ ಆ ಫ್ಲಾಸ್ಕನ್ನು ಹಸುಗೂಸಿನಂತೆ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರಂತೆ. ಮರುದಿನ ಭಾನುವಾರ. ಬೀದಿಯ ಹೆಂಗಸರೆಲ್ಲ ಮಂಕರಿ ಬುಟ್ಟಿಯ ಕೆಳಗೆ ಕೋಳಿ ಮುಚ್ಚಿಕೊಂಡು ಜಗಲಿಯ ಮುಂದೆ ಸಾಲಾಗಿ ಕೂರುವರು. ನರ್ಸಮ್ಮ ಕೋಳಿಯ ರೆಕ್ಕೆ ಎತ್ತಿ, "ಏನವ್ವ, ಇವತ್ತು ಎಲ್ಲೆಲ್ಲಿ ಮೇಯ್ಕಂಡ್ ಬಂದೆ?" ಎಂದು ಅದನ್ನೂ ಮಾತಿಗೆಳೆದು ಸೂಜಿ ಹಾಕುವರು. ಇದಕ್ಕೆ ಪ್ರತಿಫಲವಾಗಿ ಅವರು ಇಸಿದುಕೊಳ್ಳುತ್ತಿದ್ದುದು ಮನೆಗೊಂದು ಹಿಡಿ ಅವರೆಕಾಯಿ. ಅಂದು ಸಂಜೆ ಅವರ ಮನೆಯಿಂದ ಹಿದುಕಿದ ಬೇಳೆ ಸಾರಿನ ಘಮ ಏಳುತ್ತಿತ್ತು. ಒಂದು ಬಟ್ಟಲು ಗೋಡೆ ದಾಟಿ ನಮ್ಮ ಮನೆಗೂ ಬರುತ್ತಿತ್ತು.

ಆ ಗೋಡೆಯ ವಿಷಯ ಹೇಳಬೇಕು. ನಮ್ಮಿಬ್ಬರ ಹಿತ್ತಲ ನಡುವೆ ಇದ್ದದ್ದು ಎದೆಮಟ್ಟದ ಹಳೆಯ ಗೋಡೆ, ಮೂಲೆಯಲ್ಲಿ ಕುಸಿದು ಒಂದು ಕಿಂಡಿ ಬಿದ್ದಿತ್ತು. ಆಚೆ ಅವರ ಕೋಳಿ, ಈಚೆ ನನ್ನ ತರಕಾರಿ. ಚಳಿಗಾಲದಲ್ಲಿ ನನಗೆ ತೋಟದ ಹುಚ್ಚು ಏರುತ್ತಿತ್ತು. ಶಿಂಷಾ ಹೊಳೆಯ ಕಡೆಯಿಂದ ಬಂದ ಮಂಜು ಇನ್ನೂ ಕರಗದಿರುವಾಗಲೇ ಎದ್ದು, ಮಫ್ಲರ್ ಸುತ್ತಿಕೊಂಡು ಮಡಿಗಳ ನಡುವೆ ಓಡಾಡುತ್ತಿದ್ದೆ. ದಂಟು, ಮೆಂತ್ಯ, ಮೂಲಂಗಿ, ಬದನೆ, ಟೊಮೇಟೊ, ಒಂದು ಪಕ್ಕದಲ್ಲಿ ಎಲೆಕೋಸು. ನರ್ಸಮ್ಮ ಗೂಡು ಗುಡಿಸಿದ ಕೋಳಿ ಗೊಬ್ಬರವನ್ನು ಬುಟ್ಟಿಯಲ್ಲಿ ಕಿಂಡಿಯಿಂದ ಈಚೆ ನೂಕುವರು, ನಾನು ಸೊಪ್ಪಿನ ಕಟ್ಟನ್ನು ಆಚೆ ಕೊಡುವೆ. "ಮೇಷ್ಟ್ರ ತೋಟ ಪುಸ್ತಕ ನೋಡ್ಕಂಡು ಬೆಳ್ದಿದ್ದು. ಮೂಲಂಗಿ ಕಿತ್ರೆ ಕೆಳಗಡೆ ಪ್ರಶ್ನೋತ್ತರ ಇರ್ತದೆ" ಎಂದು ಛೇಡಿಸುವರು.

ನನ್ನ ತೋಟದ ಬಗ್ಗೆ ನನಗೆ ಜಂಬ ಇತ್ತು. ಅದು ಸಾಲದು ಎಂದು ಆ ಜಂಬಕ್ಕೆ ಒಂದು ಹೆಸರನ್ನೂ ಇಟ್ಟಿದ್ದೆ: ವಿಷಮುಕ್ತ ತರಕಾರಿ. ಬೀದಿಯಲ್ಲಿ ಯಾರು ಸಿಕ್ಕಿದರೂ ಕಬ್ಬಿನ ಗದ್ದೆಗೆ ಸುರಿಯುವ ಔಷಧಿ, ಭೂಮಿಯ ಎರೆಹುಳು, ನಮ್ಮ ಮಕ್ಕಳ ಮೂಳೆ ಎಂದೆಲ್ಲ ಒಂದು ಉಪನ್ಯಾಸ ಬಿಗಿಯುತ್ತಿದ್ದೆ. ಕೀಟನಾಶಕಗಳ ದುಷ್ಪರಿಣಾಮದ ಮೇಲೆ ನಾನು ಬರೆಸಿದ ನೋಟ್ಸು ನನ್ನ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಹೆಂಡತಿ ಮಾತ್ರ, "ಹೇಳೋದು ಆಚಾರ" ಎಂದು ಅರ್ಧ ಗಾದೆ ಹೇಳಿ ಸುಮ್ಮನಾಗುತ್ತಿದ್ದಳು.

ಒಂದು ವರ್ಷ ಎಲೆಕೋಸು ನನ್ನ ಮಾನ ಕಳೆಯಿತು. ನೆಟ್ಟ ಸಸಿಗಳು ಬೆಳಗಾಗುವಷ್ಟರಲ್ಲಿ ಬುಡ ಕತ್ತರಿಸಿಕೊಂಡು ಮಲಗಿರುತ್ತಿದ್ದವು. ಮಣ್ಣು ಕೆದಕಿದರೆ ಬೆರಳು ದಪ್ಪದ ಹುಳು. ಹುಳ ಬಿಟ್ಟದ್ದನ್ನು ನರ್ಸಮ್ಮನ ಕೋಳಿಗಳು ಕಿಂಡಿಯಿಂದ ಬಂದು ಕೆದರಿ ಹಾಕುತ್ತಿದ್ದವು. ಎರಡು ಸಲ ಹೊಸ ಸಸಿ ತಂದು ನೆಟ್ಟೆ, ಎರಡು ಸಲವೂ ಅದೇ ಕಥೆ. ಕಿಂಡಿಗೆ ಮುಳ್ಳು ತುಂಬಿದೆ, ಕೋಳಿಗಳು ಗೋಡೆ ಹಾರಿ ಬಂದವು. ಒಂದು ಬೆಳಿಗ್ಗೆ ಸಿಟ್ಟು ತಡೆಯದೆ ಕಲ್ಲು ಬೀರಿದೆ. ನರ್ಸಮ್ಮ ಆಚೆಯಿಂದ ಇಣುಕಿ, "ಕೋಳಿಗೆ ಪಕ್ಕದ್ ಮನೆ ಅಂತ ಗೊತ್ತಾಯ್ತದಾ ಮೇಷ್ಟ್ರೇ? ಒಂದ್ ಮಾತ್ ಏಳಿದ್ರೆ ಕಟ್ಟಾಕ್ತಿದ್ನಲ್ಲ" ಎಂದರು. ಒಂದು ಮಾತು ಹೇಳಿದರೆ ಸಾಕಿತ್ತು. ಆ ಹೆಂಗಸಿನ ವಿಷಯದಲ್ಲಿ ನಾನು ಕೆಟ್ಟದ್ದೆಲ್ಲ ಅದೊಂದು ಮಾತನ್ನು ಹೇಳದೆಯೇ.

ಬೆಸಗರಹಳ್ಳಿಯಲ್ಲಿ ನನ್ನ ಅಣ್ಣ ಕಬ್ಬು ಬೆಳೆಯುತ್ತಾನೆ. ಒಂದು ಶನಿವಾರ ಅಲ್ಲಿಗೆ ಹೋದಾಗ ಕೋಸಿನ ಸಂಕಟ ತೋಡಿಕೊಂಡೆ. ಅವನು ಕೊಟ್ಟಿಗೆಯ ಅಟ್ಟದಿಂದ ಒಂದು ಡಬ್ಬಿ ಇಳಿಸಿದ. ಒಳಗೆ ನೇರಳೆ ಬಣ್ಣದ ಹರಳು ಔಷಧಿ. "ಮರಳು ಬೆರೆಸಿ ಬುಡಕ್ಕೆ ಆಕು, ನೀರು ಬುಡು, ಒಂದ್ ಹುಳ ಇರಾಕಿಲ್ಲ" ಎಂದ. ಆಮೇಲೆ ಎರಡು ಸಲ ಹೇಳಿದ: "ಆಕೋಕೆ ಮುಂಚೆ ಅಕ್ಕಪಕ್ಕದೋರ್‌ಗೆ ಏಳ್ಬುಡ್ಲಾ, ನಾಳೀಕೆ ಕೋಳಿ ಬುಡಬ್ಯಾಡಿ ಅಂತ. ಮರೀಬ್ಯಾಡ." ನಮ್ಮ ಊರಿನಲ್ಲಿ ಅದು ಹಿಂದಿನಿಂದ ಬಂದ ಕ್ರಮ. ಯಾರು ಗದ್ದೆಗೋ ಹಿತ್ತಲಿಗೋ ಔಷಧಿ ಹಾಕಿದರೂ ಹಿಂದಿನ ಸಂಜೆ ಮನೆಮನೆಯ ಬಾಗಿಲಲ್ಲಿ ನಿಂತು ಕೂಗಿ ಹೇಳಿಯೇ ಹಾಕುವುದು. ಓದದವರು, ಹೆಬ್ಬೆಟ್ಟು ಒತ್ತುವವರು ಯಾರೂ ಅದನ್ನು ತಪ್ಪಿಸಿದ್ದನ್ನು ನಾನು ಕಂಡಿಲ್ಲ.

ತಪ್ಪಿಸಿದವನು ನಾನು. ನಾಳೆ ಕೋಳಿ ಬಿಡಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ವಿಷ ಹಾಕಿದ್ದೇನೆ ಎನ್ನಬೇಕು. ವಿಷಮುಕ್ತ ಮೇಷ್ಟ್ರು ವಿಷ ಹಾಕಿದ್ದಾರೆ ಎಂದು ಬೀದಿಗೆಲ್ಲ ಗೊತ್ತಾಗಬೇಕು. ಸಂಜೆ ಹಾಕಿ ನೀರು ಬಿಟ್ಟರೆ ಬೆಳಗಿನ ಹೊತ್ತಿಗೆ ಮಣ್ಣಿಗೆ ಇಂಗಿ ಹೋಗುತ್ತದೆ, ಕಿಂಡಿಗೆ ಮುಳ್ಳು ತುಂಬಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಂದರೆ ಬರಲಿ, ಒಂದು ಪಾಠ ಕಲಿಯಲಿ ಎಂಬ ಎಳೆಯೂ ಮನಸ್ಸಿನ ಮೂಲೆಯಲ್ಲಿ ಇತ್ತೇ? ಇರಲಿಲ್ಲ ಎಂದು ಆಣೆ ಮಾಡಲಾರೆ.

ಭಾನುವಾರ ಸಂಜೆ ಕೋಸಿನ ಬುಡಕ್ಕೆ ಹರಳು ಹಾಕಿ ನೀರು ಬಿಟ್ಟೆ. ಮರುದಿನ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಎದ್ದು ಹಿತ್ತಲಿಗೆ ಹೋದರೆ ಕೋಸಿನ ಮಡಿ ಪೂರ್ತಿ ಕೆದರಿತ್ತು. ಗೋಡೆಯ ಬುಡದಲ್ಲಿ ನರ್ಸಮ್ಮನ ಕರಿಕೋಳಿ, ಆ ನಾಟಕದವಳು, ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಕೊಕ್ಕಿನ ಅಂಚಿನಲ್ಲಿ ನೇರಳೆ ಬಣ್ಣದ ಎರಡು ಹರಳು ಅಂಟಿಕೊಂಡಿದ್ದವು. ನಾನು ಆಗ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಗಲ ಮೇಲಿನ ಟವೆಲಿನ ತುದಿಯಿಂದ ಆ ಕೊಕ್ಕನ್ನು ಒರೆಸಿದೆ. ಒರೆಸಿ, ಮಡಿಯ ಮೇಲಿನ ಮಣ್ಣನ್ನು ಗುದ್ದಲಿಯಿಂದ ಮಗುಚಿ ಹಾಕಿ, ಆಮೇಲೆ "ನರ್ಸಮ್ಮಾ" ಎಂದು ಕೂಗಿದೆ.

ಅವರ ಏಳು ಕೋಳಿ ಸತ್ತಿದ್ದವು. ನಮ್ಮ ಎದುರು ಮನೆಯಾಕೆಯ ನಾಲ್ಕು ಕೋಳಿಗಳೂ ಅವುಗಳ ಜೊತೆ ಬಂದಿದ್ದವು, ಅವೂ ಸತ್ತವು. ಎದುರು ಮನೆಯಾಕೆ ಬಾಣಂತನಕ್ಕೆ ಬರುವ ಮಗಳಿಗೆಂದು ಆ ಕೋಳಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು. ಲಸಿಕೆ ಹಾಕಿಸಿ ಹತ್ತು ದಿನವೂ ಆಗಿರಲಿಲ್ಲ. ಆಕೆ ಬೀದಿಯ ನಡುವೆ ನಿಂತು ಬಾಯಿ ಬಡಿದುಕೊಂಡಳು.

"ಬ್ಯಾಡ ಬ್ಯಾಡ ಅಂದ್ರೂ ನಮ್ಮತ್ತೆ ಮಾತು ಕೇಳಿ ಚುಚ್ಚುಸ್ದೆ. ಎಂಥಾ ಕೆಟ್ಟೋದ್ ಔಸ್ದಿ ತಂದು ಆಕುದ್ಲೋ! ನನ್ ಮಗಳ ಬಾಣಂತನದ ಕೋಳಿ ತಿಂದ್‌ಬುಟ್ಯಲ್ಲೇ, ನಿನ್ ಕೈ ಸೇದೋಗಾ!" ಎಂದು ಶಪಿಸಿ, ಹಿಡಿ ಮಣ್ಣು ತೆಗೆದು ನರ್ಸಮ್ಮನ ಜಗಲಿಯ ಮೇಲೆ ತೂರಿದಳು. ನಾನು ನನ್ನ ಗೇಟಿನ ಹತ್ತಿರ ಬ್ರಷ್ ಹಿಡಿದು ನಿಂತಿದ್ದೆ. ಬಾಯಲ್ಲಿ ಪೇಸ್ಟಿನ ನೊರೆ ಇತ್ತು. ಆಗ ಮಾತಾಡದೆ ಇದ್ದುದಕ್ಕೆ ಆ ನೊರೆಯೇ ಕಾರಣ ಎಂಬಂತೆ ಅದನ್ನು ಉಗುಳದೆ ನಿಂತೇ ಇದ್ದೆ.

ನರ್ಸಮ್ಮ ತಮ್ಮ ಹಿತ್ತಲಲ್ಲಿ ಸತ್ತ ಕೋಳಿಗಳನ್ನು ಸಾಲಾಗಿ ಮಲಗಿಸಿಕೊಂಡು, ಒಂದೊಂದರದೂ ಕಣ್ಣು ಬಿಡಿಸಿ, ಬಾಲ ಎತ್ತಿ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಗೋಡೆಯ ಹತ್ತಿರ ಬಂದರು.

"ಮೇಷ್ಟ್ರೇ, ನೀವು ಸೈನ್ಸ್ ಓದ್ದೋರು. ರೋಗ ಆದ್ರೆ ಎರಡ್ ದಿನ ತೂಕಡಿಸ್ಬೇಕು. ಹಸುರು ಬೇದಿ ಆಗ್ಬೇಕು. ಕತ್ತು ತಿರುಚ್ಕಬೇಕು. ಇವು ರಾತ್ರಿ ಚೆನ್ನಾಗಿದ್ವು, ಬೆಳಗಾನೆ ಸತ್ವು. ಇದು ರೋಗನಾ? ಒಂದನ್ನ ದನದಾಸ್ಪತ್ರೆಗೆ ಓಯ್ದು ಕುಯ್ಸಿ ನೋಡುಸ್ಲಾ?"

ಅದು ನನಗೆ ಸಿಕ್ಕಿದ ಬಾಗಿಲು. ಅವರೇ ತೆರೆದುಕೊಟ್ಟಿದ್ದರು. ನಾನು ಏನು ಹೇಳಿದೆ ಗೊತ್ತೇ? "ವೈರಸ್ಸು ರೂಪ ಬದಲಿಸುತ್ತದೆ ನರ್ಸಮ್ಮ. ಕೊರೋನಾ ಕಾಲದಲ್ಲಿ ನೋಡಲಿಲ್ಲವಾ? ಹೊಸ ತಳಿಯಲ್ಲಿ ಲಕ್ಷಣ ತೋರಿಸದೇ ಸಾಯುತ್ತವೆ. ಅವನ್ನು ಹೊತ್ತುಕೊಂಡು ಊರೆಲ್ಲ ತಿರುಗಬೇಡಿ, ಸೋಂಕು ಹರಡುತ್ತದೆ. ಬೇಗ ಹೂಳಿಬಿಡೋಣ." ಹೇಳಿದ್ದಲ್ಲದೆ ನಾನೇ ಗುದ್ದಲಿ ಹಿಡಿದು ಅವರ ಹಿತ್ತಲಲ್ಲಿ ಗುಂಡಿ ತೋಡಿದೆ. ಸುಣ್ಣ ಸುರಿದು ಮುಚ್ಚಿದೆ. ಮೇಷ್ಟ್ರು ರಜೆ ಹಾಕಿ ಬಂದು ಗುಂಡಿ ತೋಡಿದರು, ಎಂಥ ಒಳ್ಳೆಯ ಮನುಷ್ಯ ಎಂದು ಬೀದಿಯಲ್ಲಿ ನನಗೆ ಹೊಗಳಿಕೆಯೂ ಬಂತು.

ಆ ಮೇಲೆ ನರ್ಸಮ್ಮ ತಮ್ಮಷ್ಟಕ್ಕೆ ಒಂದು ಕಾರಣ ಹುಡುಕಿಕೊಂಡರು. ಲಸಿಕೆ ತಂದ ದಿನ ಅವರ ಬಸ್ಸು ಹನಕೆರೆ ಹತ್ತಿರ ಪಂಕ್ಚರ್ ಆಗಿ ಒಂದು ಗಂಟೆ ನಿಂತಿತ್ತಂತೆ. ಬಿಸಿಲಿನಲ್ಲಿ ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದರಂತೆ. "ಅನಕೆರೇಲಿ ಐಸು ಕರಗೋಯ್ತು ಕಣ್ ಮೇಷ್ಟ್ರೇ. ಮುಚ್ಚಳ ತೆಗ್ದು ನೋಡ್ಬೇಕಿತ್ತು, ನೋಡ್ಲಿಲ್ಲ. ಬಿಸಿಯಾದ್ ಔಸ್ದಿ ಆಕ್ಬುಟ್ಟೆ. ಮೂವತ್ ವರ್ಸ ಸರ್ವೀಸ್ ಮಾಡಿ ಇಂಥಾ ತಪ್ಪು." ಆ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು "ಹೋಗಲಿ ಬಿಡಿ, ಮನುಷ್ಯ ಅಂದ ಮೇಲೆ ತಪ್ಪು ಆಗುತ್ತದೆ" ಎಂದು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸುತ್ತಿದ್ದೆ. ನನ್ನ ತಪ್ಪಿಗೆ ಅವರನ್ನು ಕ್ಷಮಿಸುತ್ತಿದ್ದೆ!

ಅದೇ ಲಸಿಕೆ ಹಾಕಿಸಿಕೊಂಡ ಬೇರೆ ಮನೆಗಳ ಕೋಳಿ ಹೇಗೆ ಉಳಿದವು ಎಂದು ಯಾರೂ ಕೇಳಲಿಲ್ಲ. ಬೀದಿಯ ಜನ ಮೊದಲು ಕೋಳಿ ತರುವುದನ್ನು ಬಿಟ್ಟರು. ಆಮೇಲೆ ಮಕ್ಕಳನ್ನು ಕರೆತರುವುದನ್ನೂ ಬಿಟ್ಟರು. ನರ್ಸಮ್ಮನ ಕೈಗುಣ ಹೋಯಿತು ಎಂದು ಮಾತಾಯಿತು. ವಯಸ್ಸಾಯ್ತು, ಕಣ್ಣು ಕಾಣಲ್ಲ, ಔಷಧಿ ನೋಡಿ ಹಾಕಲ್ಲ ಎಂದು ಒಬ್ಬೊಬ್ಬರು ಒಂದೊಂದು ಸೇರಿಸಿದರು. ಜನ ಹೋಗಲಿ, ಅವರಿಗೇ ಅವರ ಕೈಯ ಮೇಲೆ ನಂಬಿಕೆ ಹೋಯಿತು. ಒಂದು ದಿನ ನನ್ನ ಹೆಂಡತಿ ಟಿ.ಟಿ. ಇಂಜೆಕ್ಷನ್ ಹಿಡಿದು ಹೋದರೆ, ಸೂಜಿ ಕೈಗೆತ್ತಿಕೊಂಡು, ಒಂದು ಗಳಿಗೆ ನೋಡಿ, ವಾಪಸು ಇಟ್ಟುಬಿಟ್ಟರಂತೆ. "ಬ್ಯಾಡ ಕಣಮ್ಮ, ಆಸ್ಪತ್ರೇಲೇ ಆಕುಸ್ಕೊ. ನನ್ ಕೈ ಸರಿಯಿಲ್ಲ" ಎಂದರಂತೆ. ಹೆಂಡತಿ ಬಂದು ಹೇಳಿದಾಗ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆ ಸಂಜೆ ಯಾವ ಮಗುವಿಗೆ ಎಷ್ಟು ಅಂಕ ಕೊಟ್ಟೆನೋ ನನಗೆ ನೆನಪಿಲ್ಲ.

ಮರುವರ್ಷ ಯಾರೂ ಲಸಿಕೆ ಹಾಕಿಸಲಿಲ್ಲ. ಮಾಗಿಯ ಚಳಿಗೆ ನಿಜವಾದ ಕೊಕ್ಕರೆ ರೋಗ ಬಂತು. ಬೀದಿಯಲ್ಲಿ ಒಂದು ಕೋಳಿ ಉಳಿಯಲಿಲ್ಲ. ನರ್ಸಮ್ಮ ಮತ್ತೆ ಸಾಕಿಕೊಂಡಿದ್ದ ಮೂರೂ ತೂಕಡಿಸಿ, ಹಸಿರು ಬೇದಿ ಮಾಡಿ, ಕತ್ತು ತಿರುಚಿಕೊಂಡು ಮೂರು ದಿನ ನರಳಿ ಸತ್ತವು. ಅವರು ಗೋಡೆಯ ಹತ್ತಿರ ಬಂದು, "ನೋಡಿ ಮೇಷ್ಟ್ರೇ, ರೋಗ ಅಂದ್ರೆ ಇದು. ಆವತ್ತಿಂದು ಇಂಗಿರ್ಲಿಲ್ಲ" ಎಂದರು. ನಾನು ಇನ್ನೊಂದು ಸಲ ವೈರಸ್ಸಿನ ಪಾಠ ಮಾಡಿದೆ. ಅವರು ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ಆಮೇಲೆ ಅವರು ಕೋಳಿ ಸಾಕಲಿಲ್ಲ. ಖಾಲಿ ಗೂಡಿನ ಮೇಲೆ ಅವರೆ ಬಳ್ಳಿ ಹಬ್ಬಿತು. ನಾನೂ ಕೋಸು ಬೆಳೆಯುವುದನ್ನು ನಿಲ್ಲಿಸಿದೆ, ಅದರಿಂದ ಯಾರಿಗೆ ಏನು ಲಾಭವಾಯಿತೋ ಕಾಣೆ.

ಸೊಪ್ಪು ಮಾತ್ರ ಕೊಡುತ್ತಲೇ ಇದ್ದೆ. ಮೊದಲಿಗಿಂತ ದೊಡ್ಡ ಕಟ್ಟು. ಟೊಮೇಟೊ, ಬದನೆ, ಮೊದಲ ಕೊಯ್ಲು ಅವರಿಗೇ. ಅವರು, "ಏನ್ ಮೇಷ್ಟ್ರೇ, ಒಬ್ಬಳು ಹೆಂಗ್ಸು ಇಷ್ಟ್ ಸೊಪ್ಪು ತಿನ್ನಾಕೆ ನಾನೇನ್ ಎಮ್ಮೆನಾ?" ಎಂದು ನಗುತ್ತಲೇ ತೆಗೆದುಕೊಳ್ಳುತ್ತಿದ್ದರು. ಒಂದು ಮಾತಿನ ಸಾಲಕ್ಕೆ ನಾನು ಮೆಂತ್ಯದ ಕಟ್ಟಿನಲ್ಲಿ ಬಡ್ಡಿ ಕಟ್ಟುತ್ತಿದ್ದೆ.

ಹೋದ ಚಳಿಗಾಲದ ಹೊತ್ತಿಗೆ ನರ್ಸಮ್ಮ ತುಂಬ ಸೊರಗಿದ್ದರು. ಹೊಟ್ಟೆಯ ಒಳಗಿನ ಕಾಯಿಲೆ. ಏನೆಂದು ಡಾಕ್ಟರಿಗಿಂತ ಮುಂಚೆ ಅವರಿಗೇ ಗೊತ್ತಿತ್ತು, ಆ ಎರಡು ಬೆರಳಿನಿಂದ ತಮ್ಮ ಹೊಟ್ಟೆಯನ್ನು ತಾವೇ ಒತ್ತಿ ನೋಡಿಕೊಂಡಿದ್ದರು. ಬೆಸಗರಹಳ್ಳಿಯ ನಮ್ಮ ಹೊಲದ ಸೊಗಡವರೆ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಒಂದು ಮೊರದಷ್ಟು ತೆಗೆದುಕೊಂಡು ಹೋದೆ. ಹಿತ್ತಲ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಕೈ ತೊಳ್ಕೊಂಡ್ರಾ?" ಎಂದರು. ತೊಳೆದುಕೊಂಡು ಬಂದು ಎದುರಿಗೆ ಕೂತು ಕಾಯಿ ಬಿಡಿಸತೊಡಗಿದೆ. ಅವರು ಯಾವುದೋ ಮಾತಿಗೆ ಮತ್ತೆ, "ಅನಕೆರೇಲಿ ಆವತ್ತು ಆ ಬಸ್ಸು..." ಎಂದು ಶುರು ಮಾಡಿದರು.

ನನ್ನಿಂದ ಇನ್ನು ಕೇಳಲಾಗಲಿಲ್ಲ. ಹೇಳಿಬಿಟ್ಟೆ. ಅಣ್ಣನ ಡಬ್ಬಿ, ನೇರಳೆ ಹರಳು, ಕೊಕ್ಕು ಒರೆಸಿದ್ದು, ಸುಳ್ಳು ವೈರಸ್ಸು, ಎಲ್ಲ. ತಲೆ ಎತ್ತದೆ ಹೇಳಿದೆ. ಮುಗಿದ ಮೇಲೂ ಕಾಯಿ ಬಿಡಿಸುತ್ತಲೇ ಇದ್ದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಅಂಗಾರೆ ಐಸು ಕರಗಿರ್ಲಿಲ್ಲ?"

"ಕರಗಿರಲಿಲ್ಲ ನರ್ಸಮ್ಮ. ಲಸಿಕೆ ಚೆನ್ನಾಗೇ ಇತ್ತು."

ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಯಾರದೋ ಮನೆಗೆ ಕೊಟ್ಟಿದ್ದ ಪಾತ್ರೆ ವಾಪಸು ಬಂದಾಗ ನೋಡುತ್ತಾರಲ್ಲ, ಹಾಗೆ. ಕಣ್ಣಲ್ಲಿ ನೀರಿತ್ತು, ಮುಖ ನಗುತ್ತಿತ್ತು. ಆ ನಗುವನ್ನು ಕಂಡು ನನಗೆ ಆದಷ್ಟು ನಾಚಿಕೆ ಬೈದಿದ್ದರೂ ಆಗುತ್ತಿರಲಿಲ್ಲ.

ಆಮೇಲೆ ಮುಖ ಗಟ್ಟಿ ಮಾಡಿಕೊಂಡು ಹೇಳಿದರು. "ನಾಕು ವರ್ಸ ನನ್ ಕೈನೇ ನಾನು ನಂಬದಂಗೆ ಮಾಡ್ಬುಟ್ರಲ್ಲ ಮೇಷ್ಟ್ರೇ. ಓಗ್ಲಿ. ಇದ ನನ್ನೊಬ್ಬಳಿಗೇ ಏಳುದ್ರೆ ಏನ್ ಬಂತು? ಬೀದೀಗೇಳಿ. ಮುಖ್ಯವಾಗಿ ಎದುರುಮನೆಯವ್ಳಿಗೆ ಏಳಿ. ಇವತ್ತಿಗೂ ನನ್ ಕಂಡ್ರೆ ಮುಖ ತಿರುಗಿಸ್ಕಂಡ್ ಓಯ್ತಾಳೆ."

"ಹೇಳ್ತೀನಿ" ಎಂದೆ. ಮನಸ್ಸಾರೆ ಎಂದೆ. ಹಗುರಾಗಿ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ.

ಎಂಟು ದಿನ ಬಿಟ್ಟು ಅವರು ಕೇಳಿದರು: "ಏಳುದ್ರಾ ಮೇಷ್ಟ್ರೇ?" ಪರೀಕ್ಷೆಯ ಗಡಿಬಿಡಿ, ಮುಗಿಯಲಿ ಎಂದೆ. ಸಂಕ್ರಾಂತಿಯ ಎಳ್ಳು ಕೊಡಲು ಹೋದಾಗ ಮತ್ತೆ, "ಏಳುದ್ರಾ?" ಎಂದರು. ಬೀಗರು ಬಂದಿದ್ದಾರೆ, ಅವರ ಮುಂದೆ ಬೇಡ, ಹೋದ ಮೇಲೆ ಖಂಡಿತ ಎಂದೆ. ಬೀಗರು ಹೋದರು. ನಾನು ಎದುರು ಮನೆಯ ಗೇಟಿನವರೆಗೆ ಎರಡು ಸಲ ಹೋಗಿ, ಒಂದು ಸಲ ಪೇಪರ್ ಇಸಿದುಕೊಂಡು, ಇನ್ನೊಂದು ಸಲ ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿಕೊಂಡು ವಾಪಸು ಬಂದೆ. ಮಕ್ಕಳಿಗೆ ನರ್ಸಮ್ಮ ಮೊದಲು ಪ್ರಶ್ನೆ ಕೇಳಿ ಆಮೇಲೆ ಸೂಜಿ ಚುಚ್ಚುತ್ತಿದ್ದರು. ನನಗೆ ಪ್ರಶ್ನೆಯೇ ಸೂಜಿಯಾಗಿತ್ತು. ಮೂರನೆಯ ಸಲ ಕೇಳಿದಾಗ ಅವರು ಹಾಸಿಗೆ ಹಿಡಿದಿದ್ದರು. "ಹೇಳ್ತೀನಿ ನರ್ಸಮ್ಮ, ಈ ವಾರ" ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸೊಪ್ಪಿಗೆ ನೀರು ಬುಟ್ರಾ?" ಎಂದು ಮಾತು ಬದಲಿಸಿದರು. ಆಮೇಲೆ ಕೇಳಲಿಲ್ಲ. ಅವರು ಕೇಳುವುದನ್ನು ಬಿಟ್ಟರಲ್ಲ ಎಂದು ನನಗೆ ಸಮಾಧಾನವಾಯಿತು. ಇಂಥ ಸಮಾಧಾನವೂ ಮನುಷ್ಯನಿಗೆ ಆಗುತ್ತದೆ.

ಶಿವರಾತ್ರಿಗೆ ನಾಲ್ಕು ದಿನವಿರುವಾಗ ಹೋಗಿಬಿಟ್ಟರು.

ಮಳವಳ್ಳಿಯಿಂದ ಅವರ ತಮ್ಮನ ಮನೆಯವರು ಬಂದು ಹನ್ನೊಂದನೆಯ ದಿನದ ತಿಥಿ ಮಾಡಿದರು. ಅದೇ ಜಗಲಿಯ ಮುಂದೆ ಶಾಮಿಯಾನ ಹಾಕಿ ಬೀದಿಗೆಲ್ಲ ಊಟ. ಮುದ್ದೆ, ಫಾರಂ ಕೋಳಿಯ ಸಾರು. ನನ್ನ ಎದುರು ಸಾಲಿನಲ್ಲಿ ಎದುರು ಮನೆಯಾಕೆ ಕೂತಿದ್ದಳು. ಎಲ್ಲರೂ ನರ್ಸಮ್ಮನ ಗುಣಗಾನ ಮಾಡುತ್ತಿದ್ದರು. ಆಕೆಯೂ ಒಂದು ಮಾತು ಸೇರಿಸಿದಳು, ಮೊದಲಿನ ಸಿಟ್ಟಿನಿಂದಲ್ಲ, ಅಯ್ಯೋ ಪಾಪ ಎಂಬ ಮರುಕದಿಂದಲೇ: "ಎಂಥಾ ಕೈಗುಣ ಇತ್ತು ಮಾರಾಯ್ತೀದು. ಕೊನೆಕೊನೆಗೆ ಒಂಟೋಯ್ತು. ಆ ಕೋಳಿ ಸತ್ವಲ್ಲ, ಆಗಿಂದ."

"ಹೋಗಿರಲಿಲ್ಲ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅವರ ಔಷಧಿ ಸರಿಯಾಗಿತ್ತು. ಕೋಳಿಗಳು ಸತ್ತದ್ದು ನಾನು ಕೋಸಿಗೆ ಹಾಕಿದ್ದ ವಿಷದಿಂದ. ಕೋಳಿ ಬಿಡಬೇಡಿ ಎಂದು ನಾನು ಹೇಳಲಿಲ್ಲ. ಗೊತ್ತಿದ್ದೂ ರೋಗ ಎಂದು ಸುಳ್ಳು ಹೇಳಿದೆ."

ನನ್ನ ಪಕ್ಕದಲ್ಲಿದ್ದ ಟೈಲರ್ ಅಂಗಡಿಯವನು ಒಂದು ಗಳಿಗೆ ಕೈ ತಡೆದು, "ಓ, ಅಂಗಾ?" ಎಂದ. ಆಚೆಯಿಂದ ಇನ್ನೊಬ್ಬರು, "ಬುಡಿ ಸಾ, ಯಾವ್ ಕಾಲದ್ದೋ. ಯಾರ್ ಬೇಕೂಂತ ಮಾಡ್ತಾರೆ? ಮುದ್ದೆ ತಣ್ಣಗಾಯ್ತದೆ, ಉಣ್ಣಿ" ಎಂದರು. ಸಾರಿನ ಬಕೆಟ್ಟು ಹಿಡಿದವನು ಮುಂದಿನ ಎಲೆಗೆ ಹೋದ. ಅಷ್ಟೇ. ನಾನು ನಾಲ್ಕು ವರ್ಷ ಹೆದರಿ ಹೆದರಿ ಸತ್ತದ್ದು ಇದಕ್ಕೆ.

ಎದುರು ಮನೆಯಾಕೆ ಮಾತ್ರ ತುತ್ತು ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

"ಕೈ ಸೇದೋಗ್ಲಿ ಅಂದಿದ್ದೆ ಕಣ್ ಮೇಷ್ಟ್ರೇ ಅವಮ್ಮಂಗೆ. ಮಣ್ ತೂರಿದ್ದೆ. ಒಂದ್ ತಿಂಗಳು ಮುಂಚೆ ಏಳಿದ್ರೂ ಆಗಿತ್ತು, ಓಗಿ ಕಾಲ್ ಇಡ್ಕತಿದ್ದೆ. ಈಗ ಯಾರ್ ಕಾಲ್ ಇಡ್ಕಳ್ಲಿ?"

ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದಳು. ಸತ್ತವರ ಊಟದಲ್ಲಿ ಹಾಗೆ ಏಳಬಾರದು ಎಂದು ಯಾರೋ ತಡೆದರು, ಕೇಳಲಿಲ್ಲ. ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆಯುತ್ತ ನಿಂತಳು.

ನಾನು ತಣ್ಣಗಾದ ಮುದ್ದೆಯ ಮುಂದೆ ಕೂತೇ ಇದ್ದೆ. ಹೇಳಿ ಮುಗಿಸುವುದಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ನರ್ಸಮ್ಮ ಮೂರು ಸಲ ಕೇಳಿದ್ದು ಆ ಅರ್ಧ ನಿಮಿಷವನ್ನೇ.